ಆ ಸ್ವಿಚ್ ಎಲ್ಲಿ ಹೋಯಿತು?

ಮಕ್ಕಳೇ, ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಪಾಠ ಓದುವಾಗ ಅದು ತಣ್ಣಗೆ, ಸದ್ದಿಲ್ಲದೆ ಇರುತ್ತದೆ. ದೊಡ್ಡ ಆಟವೊಂದನ್ನು ತೆರೆದರೆ ಫ್ಯಾನ್ ಗುಂಯ್‌ಗುಡುತ್ತದೆ, ತಳ ಬಿಸಿಯಾಗುತ್ತದೆ, ಬ್ಯಾಟರಿ ಸರಸರ ಇಳಿಯುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರ ಬಿಡಿಸುವ ಚಿಪ್‌ಗಳು ಎರಡು ಇರುತ್ತವೆ. ಒಂದು ಇಂಟಿಗ್ರೇಟೆಡ್ ಗ್ರಾಫಿಕ್ಸ್. ಈಗ ಇದು ಪ್ರೊಸೆಸರ್ ಜೊತೆಗೇ ಬರುತ್ತದೆ, ಸ್ವಲ್ಪ ವಿದ್ಯುತ್ತಿನಲ್ಲೇ ದಿನನಿತ್ಯದ ಕೆಲಸ ಮುಗಿಸುತ್ತದೆ. ಇನ್ನೊಂದು ಡೆಡಿಕೇಟೆಡ್ ಗ್ರಾಫಿಕ್ಸ್. ಇದು ಬೇರೆಯೇ ಚಿಪ್, ಶಕ್ತಿ ಹೆಚ್ಚು, ಹಸಿವೂ ಹೆಚ್ಚು. ಒಂದು ಪತ್ರ ಟೈಪ್ ಮಾಡಲು ಅದನ್ನು ಎಬ್ಬಿಸುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ!

ಹಾಗಾದರೆ ಯಾವ ಚಿಪ್ ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವವರು ಯಾರು?

ಮೊದಲು ನಿರ್ಧರಿಸುತ್ತಿದ್ದದ್ದು ಮನುಷ್ಯನ ಬೆರಳು. 2006ರಲ್ಲಿ ಜಪಾನಿನ ಸೋನಿ ಕಂಪನಿಯ ವಾಯೋ ಎಸ್‌ಝಡ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪುಟ್ಟ ಸ್ವಿಚ್ ಇತ್ತು. ಒಂದು ಕಡೆ ‘ಸ್ಟ್ಯಾಮಿನಾ’, ಇನ್ನೊಂದು ಕಡೆ ‘ಸ್ಪೀಡ್’. ಸ್ಟ್ಯಾಮಿನಾ ಎಂದರೆ ಇಂಟೆಲ್‌ನ ಇಂಟಿಗ್ರೇಟೆಡ್ ಗ್ರಾಫಿಕ್ಸ್, ಸ್ಪೀಡ್ ಎಂದರೆ ಎನ್‌ವಿಡಿಯಾದ ಚಿಪ್. ಆದರೆ ಸ್ವಿಚ್ ಸರಿಸಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಿತ್ತು. 2008ರ ಆ್ಯಪಲ್ ಮ್ಯಾಕ್‌ಬುಕ್ ಪ್ರೊದಲ್ಲಿ ರೀಸ್ಟಾರ್ಟ್ ಬೇಡವಾಯಿತು, ಆದರೂ ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕಿತ್ತು.

2010ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ‘ಆಪ್ಟಿಮಸ್’ ಎಂಬ ತಂತ್ರವನ್ನು ಪ್ರಕಟಿಸಿತು. ಇದರಲ್ಲಿ ಪರದೆಯ ಸಂಪರ್ಕ ಸದಾ ಇಂಟಿಗ್ರೇಟೆಡ್ ಚಿಪ್‌ಗೇ ಇರುತ್ತದೆ. ಆಟ ಶುರುವಾದಾಗ ದೊಡ್ಡ ಚಿಪ್ ಎದ್ದು ಚಿತ್ರ ಬಿಡಿಸುತ್ತದೆ. ಆ ಚಿತ್ರ ಮುಖ್ಯ ಮೆಮೊರಿಗೆ ನಕಲಾಗುತ್ತದೆ, ಇಂಟಿಗ್ರೇಟೆಡ್ ಚಿಪ್ ಅದನ್ನು ಪರದೆಗೆ ಕಳಿಸುತ್ತದೆ. ಅಡುಗೆಮನೆಯಲ್ಲಿ ಬೇಯಿಸುವವರು ಒಬ್ಬರು, ಪಂಕ್ತಿಯಲ್ಲಿ ಬಡಿಸುವವರು ಇನ್ನೊಬ್ಬರು ಇದ್ದ ಹಾಗೆ. ಆಟ ಮುಗಿದರೆ ದೊಡ್ಡ ಚಿಪ್ ಮಲಗುತ್ತದೆ. ರೀಸ್ಟಾರ್ಟ್ ಇಲ್ಲ, ಲಾಗ್ ಔಟ್ ಇಲ್ಲ. ನಿರ್ಧಾರ ಬೆರಳಿನಿಂದ ಸಾಫ್ಟ್‌ವೇರ್‌ಗೆ ಹೋಯಿತು.

ಆದರೆ ಆ ಸಾಫ್ಟ್‌ವೇರ್ ಬರೆದಿದ್ದು ವಿಂಡೋಸ್ 7ಕ್ಕೆ. ಲಿನಕ್ಸ್ ಬಳಸುವವರಿಗೆ ಏನೂ ಸಿಗಲಿಲ್ಲ. ದುಡ್ಡು ಕೊಟ್ಟು ಕೊಂಡ ಚಿಪ್ ಕೆಲಸಕ್ಕೆ ಬಾರದು, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸುಮ್ಮನೆ ಎಚ್ಚರವಾಗಿದ್ದು ಬ್ಯಾಟರಿ ತಿನ್ನುತ್ತಿತ್ತು ಕೂಡ. ಸರಿಸೋಣವೆಂದರೆ ಸ್ವಿಚ್ಚೂ ಇಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಒಬ್ಬರು ಇದೇ ಕಷ್ಟ ಹೇಳಿಕೊಂಡಾಗ, ಲಿನಕ್ಸ್ ಆರಂಭಿಸಿದ ಲೀನಸ್ ಟೊರ್ವಾಲ್ಡ್ಸ್ ಎಲ್ಲರೆದುರೇ ಎನ್‌ವಿಡಿಯಾವನ್ನು ಬೈದುಬಿಟ್ಟರು. ಆ ಬೈಗುಳವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ!

ಅಷ್ಟರಲ್ಲಾಗಲೇ ಕೆಲವರು ಸ್ವಂತ ದಾರಿ ಹುಡುಕಿದ್ದರು. 2011ರಲ್ಲಿ ಆರಂಭವಾದ ‘ಬಂಬಲ್‌ಬೀ’ ಯೋಜನೆ ಲಿನಕ್ಸ್‌ನಲ್ಲಿ ದೊಡ್ಡ ಚಿಪ್ಪನ್ನು ಬೇಕಾದಾಗ ಎಬ್ಬಿಸಿ, ಬೇಡದಾಗ ಮಲಗಿಸುವ ಉಪಾಯ ಕೊಟ್ಟಿತು. ಲಿನಕ್ಸ್ ಒಳಗೇ ಬೆಳೆದ ಇನ್ನೊಂದು ವ್ಯವಸ್ಥೆಯ ಹೆಸರು ‘ಪ್ರೈಮ್’. ಟ್ರಾನ್ಸ್‌ಫಾರ್ಮರ್ಸ್ ನೋಡಿದ ಮಕ್ಕಳಿಗೆ ಈ ಹೆಸರುಗಳ ತಮಾಷೆ ತಕ್ಷಣ ಹೊಳೆಯುತ್ತದೆ: ನಾಯಕ ಆಪ್ಟಿಮಸ್ ಪ್ರೈಮ್, ಅವನ ಗೆಳೆಯ ಬಂಬಲ್‌ಬೀ. ಕೊನೆಗೆ 2019ರಲ್ಲಿ ಎನ್‌ವಿಡಿಯಾದ ಸ್ವಂತ ಲಿನಕ್ಸ್ ಡ್ರೈವರ್‌ನಲ್ಲೂ ಬೇಕಾದ ಆಟವನ್ನಷ್ಟೇ ದೊಡ್ಡ ಚಿಪ್‌ಗೆ ವಹಿಸುವ ಸೌಲಭ್ಯ ಬಂತು.

ಆಪ್ಟಿಮಸ್‌ಗೆ ಇನ್ನೊಂದು ಕೊರತೆಯೂ ಇತ್ತು. ಚಿತ್ರವನ್ನು ನಕಲು ಮಾಡಲು ತುಸು ಸಮಯ ಹಿಡಿಯುತ್ತದೆ, ವೇಗದ ಆಟಗಳಲ್ಲಿ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 2020ರಲ್ಲಿ ‘ಅಡ್ವಾನ್ಸ್ಡ್ ಆಪ್ಟಿಮಸ್’ ಬಂದಾಗ, ದೊಡ್ಡ ಚಿಪ್ಪನ್ನು ನೇರವಾಗಿ ಪರದೆಗೆ ಜೋಡಿಸುವ ಸ್ವಿಚ್ ಮತ್ತೆ ಲ್ಯಾಪ್‌ಟಾಪ್ ಸೇರಿತು. ಈ ಬಾರಿ ಅದು ಹೊರಗಲ್ಲ, ಒಳಗೆ!

ಅನುಕೂಲ ಒಳ್ಳೆಯದೇ. ಪ್ರತಿ ಸಲ ರೀಸ್ಟಾರ್ಟ್ ಮಾಡುವ ಕಾಲ ಯಾರಿಗೂ ಬೇಡ. ಆದರೆ ಯಂತ್ರ ನಮ್ಮ ಪರವಾಗಿ ನಿರ್ಧರಿಸುವಾಗ, ಅದು ಯಾರನ್ನು ಮನಸ್ಸಿನಲ್ಲಿಟ್ಟು ನಿರ್ಧರಿಸುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ. ಬಂಬಲ್‌ಬೀ ಕಟ್ಟಿದವರು ಕೇಳಿ ಸುಮ್ಮನಾಗಲಿಲ್ಲ, ಉತ್ತರವನ್ನೂ ತಾವೇ ಬರೆದರು.

ಪೋಷಕರೇ, ನಿಮ್ಮ ಮನೆಯಲ್ಲಿ ಎರಡು ಚಿಪ್‌ಗಳ ವಿಂಡೋಸ್ 11 ಲ್ಯಾಪ್‌ಟಾಪ್ ಇದ್ದರೆ, ಮಕ್ಕಳ ಜೊತೆ ಕುಳಿತು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಒಂದೊಂದಾಗಿ ತೆರೆಯಿರಿ. ಯಾವ ಪ್ರೋಗ್ರಾಮಿಗೆ ಯಾವ ಚಿಪ್ ಎಂದು ಅಲ್ಲಿ ನೀವೇ ಆರಿಸಬಹುದು. ವಾಯೋದ ಆ ಪುಟ್ಟ ಸ್ವಿಚ್ ಈಗ ಅಲ್ಲಿದೆ.