ಶ್ರೀರಂಗಪಟ್ಟಣ ಸೀಮೆಯ ವ್ಯವಹಾರ ವಿದ್ಯೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಹಳ್ಳಿಗಳಲ್ಲಿ ಲೆಕ್ಕಪತ್ರದ ವಿದ್ಯೆ ಬಹುಕಾಲ ಕೂಲಿಮಠಕ್ಕೂ ಮನೆತನಕ್ಕೂ ಸೇರಿದ್ದಾಗಿತ್ತು. ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಒಪ್ಪಿಸಿ, ಕಾಲು, ಅರೆ, ಮುಕ್ಕಾಲಿನ ಬಾಯಿಲೆಕ್ಕಕ್ಕೆ ಬರುತ್ತಿದ್ದರು. ಸೇರು, ಕೊಳಗ, ಖಂಡುಗಗಳನ್ನು ಒಂದರಿಂದ ಇನ್ನೊಂದಕ್ಕೆ ತರುವುದು ಅದರ ಮುಂದಿನ ಪಾಠ. ಶಾನುಭೋಗನ ಮಗ ಅಪ್ಪನ ಪಕ್ಕದಲ್ಲಿ ಕೂತು ಕಡತ ಬರೆಯಲು ಕಲಿಯುತ್ತಿದ್ದ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಚಿದ ಪುಸ್ತಕವೇ ಕಡತ; ಬರೆಯುವುದು ಬಳಪದಲ್ಲಿ. ಶೆಟ್ಟರ ಮಕ್ಕಳಿಗೆ ಅಂಗಡಿಯೇ ಶಾಲೆ. ಉಳುವವನ ಮಗನಿಗೆ ಮಾತ್ರ ಈ ಎರಡೂ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಈ ಸೀಮೆಯಲ್ಲಿ ವಾಣಿಜ್ಯ ಶಿಕ್ಷಣದ ಚರಿತ್ರೆ ಎಂದರೆ, ಬಹುಮಟ್ಟಿಗೆ, ಆ ಬಾಗಿಲು ತೆರೆದುಕೊಂಡ ಚರಿತ್ರೆ.

ವ್ಯಾಪಾರವನ್ನು ಮನೆತನದ ಕೈಯಿಂದ ಆಡಳಿತದ ಕೈಗೆ ತರುವ ದೊಡ್ಡ ಪ್ರಯತ್ನವೊಂದು ನಡೆದದ್ದು ಶ್ರೀರಂಗಪಟ್ಟಣದಲ್ಲೇ. 1793-94ರಲ್ಲಿ ಟಿಪ್ಪು ಸುಲ್ತಾನ್ ವಾಣಿಜ್ಯಕ್ಕೆಂದೇ ನಿಯಮಾವಳಿ ಹೊರಡಿಸಿದ. ಒಂಬತ್ತು ಮಂದಿಯ ವ್ಯಾಪಾರ ಮಂಡಳಿ, ರಾಜ್ಯದೊಳಗೆ 30 ಕೋಠಿಗಳು (ಸರ್ಕಾರಿ ವ್ಯಾಪಾರ ಮಳಿಗೆಗಳು), ಹೊರಗೆ 17 ಕೋಠಿಗಳು ಅದರ ಯೋಜನೆ. ಮಸ್ಕತ್ತಿನ ಕೋಠಿಯ ಮೂಲಕ ಶ್ರೀಗಂಧ, ಮೆಣಸು, ಏಲಕ್ಕಿ, ಅಕ್ಕಿ ಸಾಗುತ್ತಿದ್ದವು. ಈ ನಿಯಮಗಳಲ್ಲಿ ಇಂದಿಗೂ ಗಮನ ಸೆಳೆಯುವುದು ಪ್ರಜೆಗಳ ಠೇವಣಿಯ ಭಾಗ. 500 ಇಮಾಮಿ ನಾಣ್ಯಗಳವರೆಗೆ ಹಣ ಹೂಡಿದವನಿಗೆ ವರ್ಷದ ಕೊನೆಗೆ ನೂರಕ್ಕೆ 50ರಷ್ಟು ಲಾಭ, 5,000ದವರೆಗೆ 25, ಅದಕ್ಕೂ ಮೇಲ್ಪಟ್ಟರೆ 12. ಸಣ್ಣ ಹೂಡಿಕೆದಾರನಿಗೆ ದೊಡ್ಡ ಪಾಲು ಕೊಡುವ ಈ ಲೆಕ್ಕ ಆ ಕಾಲಕ್ಕೆ ಅಪರೂಪದ್ದು. ಇಂಥ ಕೋಠಿಗಳು ನಡೆಯಬೇಕಾದರೆ ಸಂಬಳದ ಗುಮಾಸ್ತರು, ದಾಸ್ತಾನಿನ ಲೆಕ್ಕ, ವರದಿಗಳು ಬೇಕೇ ಬೇಕು. 1799ರ ಮೇ 4ರಂದು ಕೋಟೆ ಬಿದ್ದಾಗ ಈ ವ್ಯವಸ್ಥೆಯೂ ಮುಗಿಯಿತು. ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪದ ಪಟ್ಟಣ ಬರಿದಾಯಿತು.

ನೂರು ವರ್ಷ ದಾಟಿದ ಮೇಲೆ ಅದೇ ಯೋಚನೆ ಬೇರೆ ರೂಪದಲ್ಲಿ ಬಂತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾದಾಗ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಸಮಿತಿಗಳು ರಚನೆಯಾದವು. ಸಮ್ಮೇಳನದ ಹಿಂದಿದ್ದ ಎಂ. ವಿಶ್ವೇಶ್ವರಯ್ಯ ಮರುವರ್ಷ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಾಣಿಜ್ಯ ಮಂಡಳಿ, ಅದೇ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಬಂದವು. ದೇಶೀಯ ಸಂಸ್ಥಾನವೊಂದು ತೆರೆದ ಮೊದಲ ವಿಶ್ವವಿದ್ಯಾನಿಲಯ ಅದು. ಬ್ಯಾಂಕು, ಮಂಡಳಿ, ವಿಶ್ವವಿದ್ಯಾನಿಲಯ ಮೂರೂ ಒಂದೇ ಆಲೋಚನೆಯ ಕೂಸುಗಳು: ಉದ್ಯಮ ಬೆಳೆಯಬೇಕಾದರೆ ಅದನ್ನು ನಡೆಸಬಲ್ಲ ಜನ ಇಲ್ಲೇ ತಯಾರಾಗಬೇಕು.

ಉದ್ಯಮ ಬಂದದ್ದು ನೀರಿನ ಹಿಂದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ನಾಲೆ ಹರಿದ ಮಂಡ್ಯ ಸೀಮೆಯಲ್ಲಿ ಕಬ್ಬು ಹಬ್ಬಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಹುಟ್ಟಿತು. ಸ್ವಾತಂತ್ರ್ಯದ ನಂತರ ಪಾಂಡವಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಂತು. ಮಳೆಯನ್ನೇ ನೆಚ್ಚಿದ ನಾಗಮಂಗಲದ ರಾಗಿ ಹೊಲಗಳ ಪಾಡು ಬೇರೆ. ಅಲ್ಲಿನ ಹುಡುಗರಿಗೆ ಓದೇ ಊರಿನಿಂದ ಹೊರಡುವ ದಾರಿಯಾಯಿತು.

1960ರಲ್ಲಿ ಕುವೆಂಪು ಕುಲಪತಿಯಾಗಿದ್ದಾಗ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಾನಸಗಂಗೋತ್ರಿ ರೂಪುಗೊಂಡಿತು. ನಿರ್ವಹಣೆಯನ್ನೇ ಕಲಿಸುವ ಭಾರತೀಯ ನಿರ್ವಹಣಾ ಸಂಸ್ಥೆಗಳು (ಐಐಎಂ) 1961ರಲ್ಲಿ ಕಲ್ಕತ್ತ, ಅಹಮದಾಬಾದುಗಳಲ್ಲಿ ಆರಂಭವಾಗಿದ್ದವು. ಬೆಂಗಳೂರಿನ ಐಐಎಂ 1973ರ ಅಕ್ಟೋಬರ್ 28ರಂದು, ಟಿ.ಎ. ಪೈ ಅಧ್ಯಕ್ಷತೆಯಲ್ಲಿ, ಸಾರ್ವಜನಿಕ ರಂಗದ ಉದ್ಯಮಗಳಿಗೆ ಅಧಿಕಾರಿಗಳನ್ನು ತಯಾರಿಸಲೆಂದೇ ಶುರುವಾಯಿತು. ನೂರು ಎಕರೆ ಜಮೀನು ಕೊಟ್ಟದ್ದು ಕರ್ನಾಟಕ ಸರ್ಕಾರ. ಅದು ದೇಶಕ್ಕೆಲ್ಲ ಸೇರಿದ ಶಾಲೆ. ಕೆ.ಆರ್. ಪೇಟೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವರಿಗೆ ಕೈಗೆಟಕುವ ಶಾಲೆ ಮಾನಸಗಂಗೋತ್ರಿಯದು: ಬಿ.ಎನ್. ಬಹದ್ದೂರ್ ಹೆಸರಿನ ನಿರ್ವಹಣಾ ವಿಜ್ಞಾನ ಸಂಸ್ಥೆ. ಪಟ್ಟಣಕ್ಕೆ ಹೋಗಿ ಓದಲಾಗದವರಿಗೆ ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವಿತ್ತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ಹೋಗುವ ಹೆದ್ದಾರಿಯ ತೂಬಿನಕೆರೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಸ್ನಾತಕೋತ್ತರ ಕೇಂದ್ರವೂ ತೆರೆಯಿತು.

ಬಹದ್ದೂರ್ ಸಂಸ್ಥೆಯ ಹೆಸರು ವಿಶ್ವವಿದ್ಯಾನಿಲಯದ ಹೆಸರಿನೊಂದಿಗೇ ಬೆಳೆದದ್ದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯ ವಿಶ್ವವಿದ್ಯಾನಿಲಯಗಳ ವಿಭಾಗದಲ್ಲಿ ಮೈಸೂರು 2019ರಲ್ಲಿ 54ನೆಯದು, 2020ರಲ್ಲಿ 27ನೆಯದು, 2021ರಲ್ಲಿ 19ನೆಯದು. ಅನಂತರ ಮತ್ತೆ ಕೆಳಗಿಳಿಯಿತು. ಪಟ್ಟಿಗಳು ವರ್ಷವರ್ಷ ಬದಲಾಗುತ್ತವೆ. ಸರ್ಕಾರಿ ಸಂಸ್ಥೆಯ ಹೆಸರಿಗೆ ಅದಕ್ಕಿಂತ ಗಟ್ಟಿಯಾದ ಆಧಾರಗಳಿವೆ: ರಾಜ್ಯದ ಪಿಜಿಸಿಇಟಿ ಪರೀಕ್ಷೆಯ ಅಂಕದ ಮೇಲೆ ಸೀಟು, ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಕಡಿಮೆ ಶುಲ್ಕ, ಮೀಸಲಾತಿ, ಹಾಸ್ಟೆಲು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರು ನಿರ್ವಹಣಾ ಶಿಕ್ಷಣಕ್ಕೆ ಬರಲು ಸಾಧ್ಯವಾದದ್ದು ಇವುಗಳಿಂದ.

ಇಲ್ಲಿ ಕಲಿತವರಿಗೆ ಬೆಂಗಳೂರು, ಮೈಸೂರುಗಳ ಕಂಪನಿಗಳು ಕೆಲಸ ಕೊಟ್ಟಷ್ಟು ಊರಿನ ಉದ್ಯಮಗಳು ಕೊಡಲಿಲ್ಲ. ಮಂಡ್ಯದ ಮೈಷುಗರ್ ಹಲವು ವರ್ಷ ಕಬ್ಬು ಅರೆಯದೆ ನಿಂತು 2022ರಲ್ಲಿ ಮತ್ತೆ ಚಾಲೂ ಆಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಕೊಡಲಾಯಿತು. ಕಬ್ಬು ಬೆಳೆಗಾರರಿಗೇ ಸೇರಿದ ಕಾರ್ಖಾನೆಯನ್ನು ಸಮರ್ಥವಾಗಿ ನಡೆಸುವ ಪಾಠ ಈ ಜಿಲ್ಲೆಗೆ ಬೇರಾವ ಪಾಠಕ್ಕಿಂತಲೂ ಹೆಚ್ಚು ಬೇಕಾಗಿತ್ತು. 2019ರಲ್ಲಿ ಮಂಡ್ಯದ ಸರ್ಕಾರಿ ಕಾಲೇಜೇ ವಿಶ್ವವಿದ್ಯಾನಿಲಯವಾಯಿತು. ಹಣ, ಅಧ್ಯಾಪಕರ ಕೊರತೆಯ ಕಾರಣ ಅದನ್ನು ಮೈಸೂರು ವಿಶ್ವವಿದ್ಯಾನಿಲಯದೊಂದಿಗೆ ಮತ್ತೆ ಸೇರಿಸಬೇಕೇ ಎಂಬ ಪ್ರಶ್ನೆ 2025ರಲ್ಲಿ ಸರ್ಕಾರದ ಮುಂದೆ ಬಂತು.