ಅಳು ಕೇಳುವಷ್ಟು ದೂರ

‘ಅಳುವ ಮಗುವಿಗೇ ಹಾಲು’ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಉಂಟು. ಬಾಯಿಬಿಟ್ಟು ಕೇಳದವನಿಗೆ ಏನೂ ದಕ್ಕದು ಎಂಬ ಲೋಕನೀತಿಯನ್ನು ಹೇಳಲು ಜನ ಇದನ್ನು ಬಳಸುತ್ತಾರೆ. ಆದರೆ ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ಈ ಗಾದೆ ಮೊದಲೇ ಒಪ್ಪಿಕೊಂಡಿದೆ. ಮಗು ಅತ್ತರೆ ಕೇಳಿಸುವಷ್ಟು ಹತ್ತಿರದಲ್ಲಿ ತಾಯಿ ಇದ್ದಾಳೆ ಎಂಬುದೇ ಆ ಸಂಗತಿ. ಎದೆಹಾಲಿನ ಚರಿತ್ರೆಯನ್ನು ನೋಡುತ್ತ ಹೋದರೆ ಹಾಲಿನ ಕೊರತೆಗಿಂತ ಹೆಚ್ಚಾಗಿ ಕಾಣುವುದು ಈ ಹತ್ತಿರದ ಕೊರತೆ.

ದೇಹದ ಏರ್ಪಾಡೂ ಗಾದೆಯ ಮಾತನ್ನೇ ಹೇಳುತ್ತದೆ. ಮಗು ಎದೆ ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಆ ಹಾಲನ್ನು ಕೆಳಗಿಳಿಸುತ್ತದೆ. ಮಗುವಿನ ಅಳು ಕಿವಿಗೆ ಬಿದ್ದರೂ ಸಾಕು, ಎಷ್ಟೋ ತಾಯಂದಿರ ಎದೆಯಲ್ಲಿ ಹಾಲು ತಾನಾಗಿ ಜಿನುಗುತ್ತದೆ. ನೋವು, ಆತಂಕ, ಅವಸರಗಳಿದ್ದರೆ ಇಳಿಯಬೇಕಾದ ಹಾಲು ತಡೆಯುತ್ತದೆ. ಇದು ತೋಡಿದಷ್ಟೂ ತುಂಬಿಕೊಳ್ಳುವ ಒರತೆಯಂತೆ. ಬಳಸದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬತ್ತತೊಡಗುತ್ತದೆ. ಆದ್ದರಿಂದ ತಾಯಿಯನ್ನು ಮಗುವಿನಿಂದ ಎಷ್ಟು ಹೊತ್ತು ದೂರ ಇಡುತ್ತೇವೆ ಎಂಬುದು ಮಗುವಿನ ಊಟದ ಪ್ರಶ್ನೆಯೇ ಆಗಿಬಿಡುತ್ತದೆ.

ತವರಿನ ನಲವತ್ತು ದಿನ

ಕುಮಾರಧಾರಾ ನದಿಯ ಸೀಮೆಯ ಕೋಡಿಂಬಾಳ ಈಗ ಕಡಬ ತಾಲ್ಲೂಕಿನಲ್ಲಿದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿತ್ತು. ಅಡಿಕೆ ತೋಟ, ಗದ್ದೆ, ಗುಡ್ಡಗಳ ನಡುವೆ ದೂರ ದೂರ ಮನೆಗಳಿರುವ ಈ ಬಗೆಯ ಊರುಗಳಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕೆಂಬ ರೂಢಿಯಿತ್ತು. ಇಲ್ಲಿನವರ ಮಾತಿನಲ್ಲಿ ‘ಬಾಳಂತಿ’ ಎನಿಸಿಕೊಳ್ಳುವ ಹೆಣ್ಣಿಗೆ ಸುಮಾರು ನಲವತ್ತು ದಿನ ಎಣ್ಣೆ ಸ್ನಾನ, ಬಿಸಿನೀರು, ಮೆಂತೆ ಗಂಜಿ, ಬೆಳ್ಳುಳ್ಳಿ, ಕಾಳುಮೆಣಸು, ಲೇಹ್ಯಗಳ ಆರೈಕೆ ನಡೆಯುತ್ತಿತ್ತು. ಹಾಲು ಹೆಚ್ಚಲೆಂದು ಕೊಡುತ್ತಿದ್ದ ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಎಂಬ ಹೆಸರೇ ಇದೆ.

ಈ ಆರೈಕೆಯಲ್ಲಿ ಯಾವ ಬೇರು ಎಷ್ಟು ಕೆಲಸ ಮಾಡಿತೆಂಬುದು ವೈದ್ಯರ ಚರ್ಚೆಯ ವಿಷಯ. ಚರ್ಚೆಗೆ ಎಡೆಯಿಲ್ಲದ ಮಾತೆಂದರೆ, ಆ ನಲವತ್ತು ದಿನ ಬಾಣಂತಿಗೆ ಬೇರೆ ಕೆಲಸ ಇರಲಿಲ್ಲ. ಮಗು ಪಕ್ಕದಲ್ಲಿತ್ತು, ಹೇಳಿಕೊಡಲು ಅನುಭವಸ್ಥ ಹೆಂಗಸರು ಇದ್ದರು. ಎದೆ ಗಟ್ಟಿಯಾಗಿ ನೋಯುವಾಗ ಬಿಸಿನೀರಿನ ಶಾಖ ಕೊಟ್ಟು ಕೈಯಲ್ಲೇ ಹಾಲು ಹಿಂಡಿ ತೆಗೆಯುವುದು ಅವರಿಗೆ ಗೊತ್ತಿತ್ತು. ಆದರೆ ಈ ಭಾಗ್ಯ ಎಲ್ಲರದೂ ಆಗಿರಲಿಲ್ಲ. ಮನೆಯಲ್ಲಿ ಅಕ್ಕಿ ಇದ್ದವರ ಮಗಳಿಗೆ ಸಿಕ್ಕಿದ ನಲವತ್ತು ದಿನ, ಅವರ ಗದ್ದೆಯಲ್ಲಿ ನೇಜಿ ನೆಡಲು ಬರುವ ಆಳಿನ ಮಗಳಿಗೆ ಸಿಗುವಂತಿರಲಿಲ್ಲ.

ಹಳೆಯ ರೂಢಿಯಲ್ಲಿ ತಪ್ಪುಗಳೂ ಇದ್ದವು. ಹಸು ಕರು ಹಾಕಿದಾಗ ಮೊದಲ ಹಾಲಿನ ಗಿಣ್ಣನ್ನು ಚಪ್ಪರಿಸಿ ತಿನ್ನುವ ಮನೆಗಳಲ್ಲೇ, ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಿದ್ದುದುಂಟು. ಅದರ ಬದಲು ಮಗುವಿನ ನಾಲಿಗೆಗೆ ಜೇನು, ಬಜೆ, ಸಕ್ಕರೆ ನೀರು. ರೋಗಗಳನ್ನು ತಡೆಯುವ ಶಕ್ತಿ ತುಂಬಿಕೊಂಡಿರುವುದು ಆ ಮೊದಲ ಹಾಲಿನಲ್ಲೇ ಎಂಬುದನ್ನು ಇಂದಿನ ವಿಜ್ಞಾನ ತೋರಿಸಿದೆ.

ತಾಯಿಗೆ ಹಾಲೂಡಿಸಲು ಆಗದಿದ್ದರೆ ಇನ್ನೊಬ್ಬಳು ಹಾಲೂಡಿಸುವ ಪದ್ಧತಿಯೂ ಪುರಾತನವಾದದ್ದೇ. ಚರಕಸಂಹಿತೆಯಲ್ಲಿ ಹಾಲೂಡಿಸುವ ದಾದಿ ಎಂಥವಳಿರಬೇಕು, ಅವಳ ಹಾಲು ನೀರಿನಲ್ಲಿ ಹೇಗೆ ಬೆರೆಯಬೇಕು ಎಂಬ ವಿವರಗಳಿವೆ. ಆದರೆ ದಾದಿಯ ಸ್ವಂತ ಮಗು ಆಗ ಏನು ಕುಡಿಯುತ್ತಿತ್ತು ಎಂಬುದು ಇಂಥ ಏರ್ಪಾಡುಗಳ ಹಿಂದೆ ಉಳಿದುಬಿಡುವ ಪ್ರಶ್ನೆ. ಕನ್ನಡಿಗರ ಮನಸ್ಸಿನಲ್ಲಿ ಈ ವಿಷಯದ ಅತ್ಯಂತ ಪರಿಚಿತ ಚಿತ್ರ ‘ಗೋವಿನ ಹಾಡಿ’ನದು. ಪುಣ್ಯಕೋಟಿ ಹುಲಿಯ ಬಳಿ ಜೀವಭಿಕ್ಷೆ ಬೇಡಲಿಲ್ಲ. ಹಸಿದ ಕರುವಿಗೆ ಒಮ್ಮೆ ಹಾಲೂಡಿಸಿ ಬರಲು ಬಿಡುವು ಕೇಳಿತು. ದುಡಿಯುವ ತಾಯಂದಿರು ಆಮೇಲೆ ಕಾನೂನಿನ ಮುಂದೆ ಇಟ್ಟ ಬೇಡಿಕೆಯೂ ಇದೇ.

ಕಾರ್ಖಾನೆ, ಬೀಡಿ, ರಬ್ಬರು

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಹಂಚಿನ ಉದ್ಯಮದಲ್ಲೂ ಮುಂದೆ ಬಂದ ಗೇರುಬೀಜದ ಕಾರ್ಖಾನೆಗಳಲ್ಲೂ ಕರಾವಳಿಯ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಗದ್ದೆಯ ಬದುವಿನಲ್ಲಿ ಮಗುವನ್ನು ಮಲಗಿಸಬಹುದಿತ್ತು. ಕಾರ್ಖಾನೆಯ ಗೇಟಿನೊಳಗೆ ಅದು ಸಾಧ್ಯವಿರಲಿಲ್ಲ. ದಕ್ಷಿಣ ಕನ್ನಡ ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ 1930ರ ದಶಕದ ಮಧ್ಯದಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿತು. 50ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗಳಿಗೆ ಇದ್ದ ಈ ನಿಯಮವನ್ನು 1976ರಲ್ಲಿ 30ಕ್ಕಿಂತ ಹೆಚ್ಚು ಮಹಿಳೆಯರಿರುವಲ್ಲಿಗೆ ವಿಸ್ತರಿಸಲಾಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ಸಂಬಳ ಸಹಿತ ರಜೆಯನ್ನು ಕೊಟ್ಟಿತು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನೂ ಅದು ಕೊಟ್ಟಿತು. ಪುಣ್ಯಕೋಟಿಯ ಬೇಡಿಕೆಗೆ ಕೊನೆಗೂ ಕಾಯ್ದೆಯ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಆದರೆ ಪುತ್ತೂರು, ಸುಳ್ಯ, ಕಡಬಗಳ ಹೆಂಗಸರಲ್ಲಿ ಬಹಳ ಮಂದಿಗೆ ಕಾರ್ಖಾನೆಯ ಗೇಟೇ ಇರಲಿಲ್ಲ. ಮನೆಯ ಜಗಲಿಯೇ ಅವರ ಕಾರ್ಖಾನೆ. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ ಮತ್ತು ಹೊಗೆಸೊಪ್ಪು. ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ‘ಬ್ರಾಂಚಿ’ಗೆ ಕೊಟ್ಟು ಬರಬೇಕು. ಹಾಲೂಡಿಸುವ ದೃಷ್ಟಿಯಿಂದ ನೋಡಿದರೆ ಬೀಡಿ ಕೆಲಸಕ್ಕೆ ಒಂದು ದೊಡ್ಡ ಅನುಕೂಲವಿತ್ತು: ಮಗುವಿನ ಅಳು ಕೇಳಿಸುತ್ತಿತ್ತು. ಆದರೆ ಗೆರಸೆ ಬದಿಗಿಟ್ಟು ಮಗುವನ್ನು ಎತ್ತಿಕೊಂಡ ಪ್ರತಿ ಗಳಿಗೆಯೂ ಕೂಲಿಯಿಂದ ಕಳೆಯುತ್ತಿತ್ತು. ಹೊಗೆಸೊಪ್ಪಿನ ಪುಡಿ ಅಂಟಿದ ಕೈಯಲ್ಲೇ ಮಗುವನ್ನು ಮುಟ್ಟಬೇಕಾಗುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಇದನ್ನು ತಯಾರಕರು ಪ್ರಶ್ನಿಸಿದಾಗ, ‘ಮಂಗಳೂರು ಗಣೇಶ್ ಬೀಡಿ ವರ್ಕ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಜಗಲಿಯ ಮೇಲಿನ ದುಡಿಮೆಯೂ ದುಡಿಮೆಯೇ ಎಂದು ಇತ್ಯರ್ಥವಾದದ್ದು ಹೀಗೆ.

ಇದೇ ಸೀಮೆಯ ಇನ್ನೊಂದು ಕೆಲಸ ರಬ್ಬರಿನದು. ಕೇರಳದಿಂದ ಬಂದು ನೆಲೆಸಿದವರ ತೋಟಗಳು ಒಂದೆಡೆಯಾದರೆ, ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು ಇನ್ನೊಂದೆಡೆ. ನಿಗಮದ ತೋಟಗಳಲ್ಲಿ ದುಡಿಯಲು ಬಂದವರಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಬಹಳ. ಬಿಸಿಲೇರುವ ಮುನ್ನ ಮರದ ಹಾಲು ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್ ನಸುಕಿನಲ್ಲೇ ಆರಂಭವಾಗುತ್ತದೆ. ಮಗು ಎದ್ದು ಹಾಲಿಗೆ ಅಳುವ ಹೊತ್ತಿಗೆ ತಾಯಿ ಗುಡ್ಡದಲ್ಲಿರುತ್ತಾಳೆ. 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ಪ್ಲಾಂಟೇಶನ್ ಕಾಯ್ದೆ ಹೇಳಿತು. ಸಣ್ಣ ಹಿಡುವಳಿಯ ತೋಟಕ್ಕೆ ಒಬ್ಬರೋ ಇಬ್ಬರೋ ಹೋಗುವ ಕೂಲಿಯ ಹೆಂಗಸರಿಗೆ ಆ ನಿಯಮ ತಲುಪಲಿಲ್ಲ.

ಡಬ್ಬಿಯ ಹಾಲು

ದೂರವನ್ನು ತುಂಬಲು ಮಾರುಕಟ್ಟೆ ಬೇರೊಂದು ದಾರಿ ತೋರಿಸಿತ್ತು. ಅಮೆರಿಕದಲ್ಲಿ 1845ರಲ್ಲಿ ರಬ್ಬರಿನ ಬಾಟಲಿ ತೊಟ್ಟಿಗೆ ಪೇಟೆಂಟ್ ಸಿಕ್ಕಿತು. 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಶಿಶು ಆಹಾರದ ಪುಡಿಯನ್ನು ಮಾರಾಟಕ್ಕೆ ತಂದ. ಭಾರತದಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಕೊಂಡ ಹೆಗ್ಗಳಿಕೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯದು. ಅದರ ಆಧಾರದ ಮೇಲೆ ಅಮುಲ್ 1960ರ ಸುಮಾರಿಗೆ ದೇಶೀ ಡಬ್ಬಿಯನ್ನು ಪೇಟೆಗೆ ತಂದಿತು. ತಾಯಿಯನ್ನು ಕಳೆದುಕೊಂಡ ಎಷ್ಟೋ ಶಿಶುಗಳನ್ನು ಇಂಥ ಪುಡಿ ಉಳಿಸಿದೆ ಎಂಬುದನ್ನು ಮರೆಯಬಾರದು.

ಅಪಾಯ ಬಂದದ್ದು ಅಗತ್ಯವಿಲ್ಲದ ಮನೆಗೂ ಡಬ್ಬಿ ಹೊಕ್ಕಾಗ. ಶುದ್ಧ ನೀರು, ಕುದಿಸಿದ ಬಾಟಲಿ, ತಿಂಗಳು ತಿಂಗಳು ಡಬ್ಬಿ ಕೊಳ್ಳುವ ಹಣ ಇಲ್ಲದ ಕಡೆ ಅದು ಭೇದಿಗೆ, ಅಪೌಷ್ಟಿಕತೆಗೆ ದಾರಿಯಾಯಿತು. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಸಭೆಯಲ್ಲಿ ಮಾಡಿದ ಭಾಷಣಕ್ಕೆ ‘ಹಾಲು ಮತ್ತು ಕೊಲೆ’ ಎಂಬ ಶೀರ್ಷಿಕೆಯನ್ನೇ ಕೊಟ್ಟಿದ್ದರು. 1970ರ ದಶಕದಲ್ಲಿ ಈ ವಿವಾದ ಜಗತ್ತಿನಾದ್ಯಂತ ಹಬ್ಬಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಶಿಶು ಆಹಾರದ ಮಾರಾಟಕ್ಕೆ ನೀತಿಸಂಹಿತೆ ರೂಪಿಸಿತು. ಭಾರತ 1992ರಲ್ಲಿ ಕಾಯ್ದೆ ಮಾಡಿ ಜಾಹೀರಾತು, ಉಚಿತ ಮಾದರಿ, ಡಬ್ಬಿಯ ಮೇಲಿನ ದುಂಡು ಮಗುವಿನ ಚಿತ್ರ ಎಲ್ಲವನ್ನೂ ನಿಷೇಧಿಸಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ಪಂಪು ಕೊಟ್ಟದ್ದು, ಕೊಡದ್ದು

ಡಬ್ಬಿ ಬೇಡ, ತಾಯಿಯೂ ಹತ್ತಿರವಿಲ್ಲ ಎಂದಾದರೆ ಉಳಿಯುವ ದಾರಿ ಹಾಲನ್ನು ಹಿಂಡಿ ಇಟ್ಟು ಹೋಗುವುದು. ಎದೆಹಾಲು ಹೀರುವ ಪಂಪಿಗೆ ಅಮೆರಿಕದಲ್ಲಿ 1854ರಲ್ಲೇ ಪೇಟೆಂಟ್ ದೊರೆತಿತ್ತು. ಆದರೆ ಹಳೆಯ ಪಂಪುಗಳು ನೋಯಿಸುತ್ತಿದ್ದವು. 1956ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್, ಎಷ್ಟು ಒತ್ತಡ ಸುರಕ್ಷಿತ ಎಂಬುದನ್ನು ಅಭ್ಯಸಿಸಿ ಆಸ್ಪತ್ರೆಗೆ ಹೊಂದುವ ಯಂತ್ರವನ್ನು ರೂಪಿಸಿದ. ಮನೆಯಲ್ಲಿ ಬಳಸುವ ವಿದ್ಯುತ್ ಪಂಪು ಬಂದದ್ದು 1990ರ ದಶಕದ ಆರಂಭದಲ್ಲಿ. ಈಗ ಅದು ಪುತ್ತೂರಿನಂಥ ಪೇಟೆಗೂ ಅಪರಿಚಿತವಲ್ಲ.

ಹಿಂಡಿದ ಹಾಲು ಕೋಣೆಯ ಉಷ್ಣತೆಯಲ್ಲಿ ಸುಮಾರು 4 ಗಂಟೆ, ಫ್ರಿಜ್ಜಿನಲ್ಲಿ ಸುಮಾರು 4 ದಿನ ಕೆಡದೆ ಉಳಿಯುತ್ತದೆ. ಇಷ್ಟು ಕೇಳಿದರೆ ಸಮಸ್ಯೆ ಮುಗಿದಂತೆ ಕಾಣುತ್ತದೆ. ಆದರೆ ಪಂಪಿಗೆ ಮೊದಲು ಬಾಗಿಲು ಮುಚ್ಚುವ ಒಂದು ಕೋಣೆ ಬೇಕು, ಕೈ ತೊಳೆಯಲು ನೀರು ಬೇಕು, ಇಪ್ಪತ್ತು ನಿಮಿಷದ ನೆಮ್ಮದಿ ಬೇಕು. ಕಚೇರಿಯ ಶೌಚಾಲಯದಲ್ಲೋ ಅಂಗಡಿಯ ದಾಸ್ತಾನು ಕೋಣೆಯಲ್ಲೋ ನಿಂತು, ಯಾರಾದರೂ ಬಂದಾರೆಂದು ಬಾಗಿಲ ಮೇಲೆ ಕಣ್ಣಿಟ್ಟವಳಿಗೆ ಹಾಲು ಇಳಿಯುವುದಿಲ್ಲ. ಸೀಸೆಯಲ್ಲಿ ಕಡಿಮೆ ಕಂಡಾಗ ತನಗೆ ಹಾಲೇ ಸಾಲದು ಎಂದು ಅವಳು ನಂಬುತ್ತಾಳೆ. ಮನೆಯವರೂ ಹಾಗೆಯೇ ಹೇಳುತ್ತಾರೆ. ವಾಸ್ತವದಲ್ಲಿ ಮಗು ಹೀರುವಷ್ಟು ಚೆನ್ನಾಗಿ ಯಂತ್ರ ಹೀರದು; ಸೀಸೆಯಲ್ಲಿ ಬಿದ್ದದ್ದು ಎದೆಯಲ್ಲಿರುವುದರ ಅಳತೆಯಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜಿನ ಭರವಸೆಯೂ ಅಷ್ಟಕ್ಕಷ್ಟೆ.

ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಎಂಬ ಶಿಫಾರಸನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿತು. ಕೇಂದ್ರ ಸರ್ಕಾರದ ನೌಕರರಿಗೆ 2008ರಲ್ಲಿ 180 ದಿನಗಳ ರಜೆ ಸಿಕ್ಕಿತು. ಖಾಸಗಿ ಸಂಸ್ಥೆಗಳಿಗೆ ಅನ್ವಯಿಸುವ ಕಾಯ್ದೆ 12 ವಾರದಿಂದ 26 ವಾರಕ್ಕೆ ಏರಿದ್ದು 2017ರಲ್ಲಿ. ಅಂದರೆ ಹದಿನಾರು ವರ್ಷ ವೈದ್ಯರು ಆರು ತಿಂಗಳು ಎನ್ನುತ್ತಿದ್ದರೆ ಕಾನೂನು ಮೂರೇ ತಿಂಗಳು ಎನ್ನುತ್ತಿತ್ತು. ನಡುವಿನ ಮೂರು ತಿಂಗಳನ್ನು ತಾಯಂದಿರೇ ಹೇಗೋ ತುಂಬಿಕೊಂಡರು. ತುಂಬಲಾಗದವರು ತಮ್ಮನ್ನೇ ಹಳಿದುಕೊಂಡರು. 26 ವಾರದ ರಜೆ, ಹಾಲೂಡಿಸುವ ಬಿಡುವು, 50 ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ ಇವೆಲ್ಲ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿವೆ. ದಿನಗೂಲಿಗೆ ಅಡಿಕೆ ಸುಲಿಯುವವಳಿಗೆ ಮಾತ್ರ ಇವೆಲ್ಲ ಇಂದಿಗೂ ದೂರದ ಮಾತು.

ಹಾಲಿನ ಬ್ಯಾಂಕು

ಹಿಂಡಿದ ಹಾಲು ಸ್ವಂತ ಮಗುವನ್ನು ಮೀರಿ ಇನ್ನೊಬ್ಬರ ಮಗುವಿಗೂ ಸಲ್ಲುತ್ತದೆ. ಎದೆಹಾಲಿನ ಮೊದಲ ಬ್ಯಾಂಕು 1909ರಲ್ಲಿ ವಿಯೆನ್ನಾದಲ್ಲಿ ತೆರೆಯಿತು. ಏಷ್ಯಾದ ಮೊದಲನೆಯದನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಯಲ್ಲೂ 2022ರಲ್ಲಿ ಇಂಥ ಬ್ಯಾಂಕುಗಳು ಬಂದವು. ದಾನಿ ತಾಯಂದಿರ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಶೈತ್ಯದಲ್ಲಿ ಇಡಲಾಗುತ್ತದೆ. ದಿನ ತುಂಬದೆ ಹುಟ್ಟಿ, ಚೀಪುವ ಶಕ್ತಿಯೂ ಇಲ್ಲದ ಹಸುಳೆಗಳಿಗೆ ಅದು ಜೀವದ್ರವ್ಯ. ಚರಕನ ಕಾಲದ ದಾದಿ ಹೊಸ ರೂಪದಲ್ಲಿ ಮರಳಿ ಬಂದಿದ್ದಾಳೆ. ಈ ಸಲ ಅವಳ ಸ್ವಂತ ಮಗು ಹಸಿದಿರಬೇಕಾಗಿಲ್ಲ.

ಹಾಲೂಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು ಎಂದು ಕರ್ನಾಟಕ ಹೈಕೋರ್ಟು 2021ರಲ್ಲಿ, ಕಳುವಾಗಿದ್ದ ಶಿಶುವೊಂದರ ಪ್ರಕರಣದಲ್ಲಿ ಹೇಳಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಮಗುವನ್ನು ಒಂದು ಕೋಣೆಗೆ, ತಾಯಿಯನ್ನು ಇನ್ನೊಂದಕ್ಕೆ ಒಯ್ಯುವ ಆಸ್ಪತ್ರೆಯಲ್ಲಿ ಆ ದೂರ ಮೊದಲ ಗಂಟೆಯಲ್ಲೇ ಶುರುವಾಗುತ್ತದೆ.

ಉದ್ಯೋಗ ಖಾತರಿ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಆ ಹೆಸರಿನಲ್ಲೇ ಒಂದು ತಿಳಿವಳಿಕೆ ಇದೆ. ಲೇಹ್ಯವಾಗಲಿ ಪಂಪಾಗಲಿ ಮಾಡಲಾಗದ ಕೆಲಸವನ್ನು ದುಡಿಯುವ ಜಾಗದ ಮಗ್ಗುಲಿನ ಒಂದು ಸಣ್ಣ ಕೋಣೆ ಮಾಡಬಲ್ಲದು. ಅಳುವುದು ಹೇಗೆಂದು ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ತಾಯಿಗೆ ಕೇಳಿಸುವಂತೆ ನೋಡಿಕೊಳ್ಳುವುದಷ್ಟೇ ಉಳಿದವರ ಕೆಲಸ.