ಕರ್ಡ್ ಮೇಕರ್

ಹೆಪ್ಪು ಹಾಕಿದ ಹಾಲು ಮೊಸರಾಗುವವರೆಗೆ ಅದರ ಕಾವು ಇಳಿಯದಂತೆ ನೋಡಿಕೊಳ್ಳುವ ವಿದ್ಯುತ್ ಪಾತ್ರೆ. ಯೋಗರ್ಟ್ ಮೇಕರ್ ಎಂಬ ಹೆಸರೂ ಇದೆ. ಒಳಗೆ ಸ್ಟೀಲಿನ ಇಲ್ಲವೆ ಗಾಜಿನ ಡಬ್ಬಿ, ತಳದಲ್ಲಿ ಸಣ್ಣ ಹೀಟರ್, ಮೇಲೆ ಮುಚ್ಚಳ. ಹಾಲು ಕಾಯಿಸುವ ಶಕ್ತಿ ಈ ಹೀಟರಿಗಿಲ್ಲ. ಹಾಲನ್ನು ಒಲೆಯ ಮೇಲೆ ಕಾಸಿ, ಆರಿಸಿ, ಹೆಪ್ಪು ಬೆರೆಸಿಯೇ ಇದರೊಳಗೆ ಸುರಿಯಬೇಕು. ಹೀಗಾಗಿ ಮೊಸರಿನ ಗುಣ ಯಂತ್ರದ ಕೈಯಲ್ಲಿಲ್ಲ. ಹಾಲು, ಅದನ್ನು ಕಾಸಿದ ರೀತಿ, ಹಾಕಿದ ಹೆಪ್ಪು, ಈ ಮೂರರ ಮೇಲೆಯೇ ಅದು ನಿಂತಿದೆ.

ಈ ಮೂರೂ ಕೂಡಿಬಂದರೆ ಯಂತ್ರವಿಲ್ಲದೆಯೂ ಮೊಸರು ಹೇಗೆ ಕಟ್ಟುತ್ತದೆ ಎಂಬುದಕ್ಕೆ ಹೇಮಗುಡ್ಡದ ಸೀಮೆಯನ್ನು ನೋಡಬಹುದು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹೇಮಗುಡ್ಡ, ಕೋಟೆ ಮತ್ತು ದುರ್ಗಾದೇವಿ ಗುಡಿಗೆ ಹೆಸರಾದ ಊರು. ಗಂಗಾವತಿಯ ಸುತ್ತ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳು, ಕುಷ್ಟಗಿ–ಯಲಬುರ್ಗಾ ಕಡೆಗೆ ಜೋಳ, ಸಜ್ಜೆ ಬೆಳೆಯುವ ಒಣ ಹೊಲಗಳು. ಈ ಸೀಮೆಯಲ್ಲಿ ಎಮ್ಮೆ ಹಾಲಿನ ಗಟ್ಟಿ ಮೊಸರಿಗೆ ಇರುವ ಮರ್ಯಾದೆ ದೊಡ್ಡದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಕೆನೆ ಮೊಸರು ಇದ್ದರೆ ಊಟಕ್ಕೆ ಬೇರೆ ಪಲ್ಯ ಕೇಳುವವರಿಲ್ಲ.

ಇಲ್ಲಿಯ ಹಳೆಯ ಕ್ರಮದಲ್ಲಿ ಹಾಲಿನ ಗಡಿಗೆ ಕುಳ್ಳಿನ ಸಣ್ಣ ಉರಿಯ ಮೇಲೆ ತಾಸುಗಟ್ಟಲೆ ಕೂತಿರುತ್ತದೆ. ಹಾಲು ಉಕ್ಕುವುದಿಲ್ಲ, ಮೆಲ್ಲಗೆ ಕೆಂಪು ತಿರುಗುತ್ತದೆ, ಮೇಲೆ ದಪ್ಪ ಕೆನೆ ಕಟ್ಟುತ್ತದೆ. ಸಂಜೆ ಗಡಿಗೆಯನ್ನು ಇಳಿಸಿ, ಕಿರುಬೆರಳು ಅದ್ದಿ ನೋಡಿ, ಬಿಸಿ ಹಿತವಾಗಿದೆ ಅನ್ನಿಸಿದಾಗ ಕೆನೆಯನ್ನು ಒಂದು ಅಂಚಿನಲ್ಲಿ ಸರಿಸಿ ಅಲ್ಲಿಂದ ಹೆಪ್ಪು ಬಿಡುತ್ತಾರೆ. ಬೆಳಗಿಗೆ ಕೆನೆ ಹರಿಯದೆ ಹಾಗೇ ಇರುತ್ತದೆ, ಕೆಳಗೆ ಮೊಸರು ಕಟ್ಟಿರುತ್ತದೆ. ಈ ನಿಧಾನದ ಕಾಸುವಿಕೆಯಲ್ಲಿ ನಿಜವಾದ ಪ್ರಯೋಜನವಿದೆ. ಹಾಲು 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲ ಹೊತ್ತು ನಿಂತರೆ ಅದರ ತಿಳಿಯಲ್ಲಿರುವ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನ್ ಎಂಬ ಇನ್ನೊಂದು ಪ್ರೋಟೀನಿನ ಕಣಗಳಿಗೆ ಅಂಟುತ್ತವೆ. ಮುಂದೆ ಮೊಸರು ನೀರು ಬಿಡದೆ ಬಿಗಿಯಾಗಿ ನಿಲ್ಲುತ್ತದೆ. ನೀರೂ ಒಂದಿಷ್ಟು ಆವಿಯಾಗಿ ಹಾಲು ಮಂದವಾಗುತ್ತದೆ. ಸುಮಾರು ಶೇ. 7 ಜಿಡ್ಡಿರುವ ಎಮ್ಮೆ ಹಾಲಿಗೂ ಶೇ. 3 ಜಿಡ್ಡಿನ ಟೋನ್ಡ್ ಪ್ಯಾಕೆಟ್ ಹಾಲಿಗೂ ಇರುವ ಅಂತರವನ್ನು ಯಾವ ಯಂತ್ರವೂ ತುಂಬಲಾರದು. ಪ್ಯಾಕೆಟ್ ಹಾಲನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹೆಚ್ಚಿಗೆ ಕಾಸಿದರೆ, ಲೀಟರಿಗೆ ಎರಡು ಚಮಚ ಹಾಲಿನ ಪುಡಿ ಕಲಸಿದರೆ, ಆ ಅಂತರ ಸ್ವಲ್ಪ ಕಡಿಮೆಯಾದೀತು.

ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಹುಳಿ ಏರಿ ಪಿಎಚ್ 4.6ರ ಹತ್ತಿರ ಬಂದಾಗ ಕೇಸೀನ್ ಒಂದಕ್ಕೊಂದು ಹೆಣೆದುಕೊಂಡು ಹಾಲು ಗಟ್ಟಿಯಾಗುತ್ತದೆ. ಅಂಗಡಿಯ ಯೋಗರ್ಟಿನಲ್ಲಿರುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಲ್ಯಾಕ್ಟೋಬ್ಯಾಸಿಲಸ್ ಬಲ್ಗ್ಯಾರಿಕಸ್ ಎಂಬ ಜೋಡಿಗೆ 42 ಡಿಗ್ರಿಯ ಆಸುಪಾಸಿನ ಬಿಸಿ ಒಗ್ಗುತ್ತದೆ. ಮನೆಯ ಹೆಪ್ಪು ಹಲವು ಜಾತಿಗಳ ಮಿಶ್ರಣ. 30–35 ಡಿಗ್ರಿಯಲ್ಲೂ ಅದು ಕೆಲಸ ಮಾಡುತ್ತದೆ. ಚಳಿಗೆ ಸಿಕ್ಕಿದ ಹಾಲು ಕೆಲವೊಮ್ಮೆ ಲೋಳೆ ಲೋಳೆಯಾಗಿ, ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುವುದು ಆ ಮಿಶ್ರಣದಲ್ಲಿ ಅಂಟು ಸುರಿಸುವ ತಳಿಗಳ ಕೈ ಮೇಲಾದಾಗ.

ಯಂತ್ರ ನೆರವಿಗೆ ಬರುವುದು ಅಂಥ ಚಳಿಯ ದಿನಗಳಲ್ಲಿ. ಹೇಮಗುಡ್ಡದಂಥ ಊರಿನಲ್ಲಿ ಅದರ ಅಗತ್ಯ ಡಿಸೆಂಬರ್–ಜನವರಿಯ ಇರುಳುಗಳಿಗಷ್ಟೆ. ಆಗಲೂ ಗಡಿಗೆಗೆ ಕಂಬಳಿ ಸುತ್ತಿ ಒಲೆಯ ಬೆಚ್ಚಗಿನ ಬೂದಿಯ ಬದಿಗೆ ಇಟ್ಟರೆ ಕೆಲಸ ಸಾಗುತ್ತದೆ. ಬೇಸಿಗೆಯ ಮಾತು ಬೇರೆ, ಯಂತ್ರ ಕೊಳ್ಳುವವರು ಅದನ್ನು ತಿಳಿದಿರಲೇಬೇಕು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಥರ್ಮೋಸ್ಟಾಟ್ ಇಲ್ಲದವೂ ಇರುತ್ತವೆ. ಅವು ಸುತ್ತಲಿನ ಬಿಸಿಗಿಂತ ಇಂತಿಷ್ಟು ಡಿಗ್ರಿ ಹೆಚ್ಚು ಕಾವು ಕೊಡುತ್ತಲೇ ಇರುತ್ತವೆ. 22 ಡಿಗ್ರಿಯ ಕೋಣೆಯಲ್ಲಿ ಹಾಲನ್ನು 42ಕ್ಕೆ ನಿಲ್ಲಿಸುವ ಯಂತ್ರ, 38 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದನ್ನು 50 ದಾಟಿಸಿಬಿಡುತ್ತದೆ. ಹೆಪ್ಪಿನ ಜೀವಿಗಳು ಸೋಲುತ್ತವೆ, ಮೊಸರು ಒಡೆದು ತಿಳಿನೀರು ಬೇರೆಯಾಗುತ್ತದೆ. ಈ ಸೀಮೆಗೆ ಥರ್ಮೋಸ್ಟಾಟ್ ಇರುವ ಯಂತ್ರವೇ ಸರಿ, ಇಲ್ಲವಾದರೆ ಬೇಸಿಗೆಯಲ್ಲಿ ಪ್ಲಗ್ ಹಾಕದಿರುವುದೇ ಲೇಸು. ಕರೆಂಟು ಹೋದರೆ ಹೆದರಬೇಕಿಲ್ಲ. ಮುಚ್ಚಳ ತೆಗೆಯದಿದ್ದರೆ ಒಳಗಿನ ಕಾವು ಬೇಗ ಇಳಿಯುವುದಿಲ್ಲ.

ಈ ಸಾಧನದ ಸರಿಯಾದ ನೆಲೆ ಚಳಿ ದೇಶಗಳ ಅಡುಗೆಮನೆ. ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಓವನ್ನಿನ ದೀಪವಷ್ಟನ್ನೇ ಹಚ್ಚಿ ಅದರೊಳಗೆ ಹೆಪ್ಪಿನ ಪಾತ್ರೆ ಇಡುವುದು ಬಹಳ ಕಾಲದ ರೂಢಿ. ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರಿನ ಯೋಗರ್ಟ್ ಗುಂಡಿ ಈಗ ಅದೇ ಕೆಲಸ ಮಾಡುತ್ತದೆ.

ಬಳಸುವ ಕ್ರಮ ಸರಳ. ಕಾಸಿದ ಹಾಲು ಬೆರಳಿಗೆ ಹಿತವಾಗುವಷ್ಟು ಆರಲಿ. ಲೀಟರಿಗೆ ಒಂದೆರಡು ಚಮಚ ಹೊಸ ಮೊಸರನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಬೇಕು. ಐದಾರು ತಾಸು ಅಲುಗಿಸಬಾರದು. ಡಬ್ಬಿಯನ್ನು ತುಸು ವಾಲಿಸಿದಾಗ ಮೊಸರು ಅಂಚಿನಿಂದ ಒಟ್ಟಿಗೆ ಬಿಟ್ಟುಕೊಂಡರೆ ಆಯಿತು, ಕೂಡಲೇ ಹೊರಗೆ ತೆಗೆಯಬೇಕು. ಅನೇಕರು ತಪ್ಪುವುದು ಇಲ್ಲಿಯೇ: ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹುಳಿಯಾಯಿತೆಂದು ಹಾಲನ್ನು ದೂರುತ್ತಾರೆ. ಮಣ್ಣಿನ ಕುಡಿಕೆಗೆ ಈ ಭಯ ಕಡಿಮೆ. ಅದರ ಮೈ ನೀರು ಹೀರಿ ಹೊರಗೆ ಆರಿಸುತ್ತ ಮೊಸರನ್ನು ತಂಪಾಗಿಯೂ ಗಟ್ಟಿಯಾಗಿಯೂ ಇಡುತ್ತದೆ.

ಹೆಪ್ಪು ತೀರಿಹೋದರೆ ನೆರೆಮನೆಯಿಂದ ಬಟ್ಟಲಲ್ಲಿ ತರುವುದುಂಟು. ಅದೂ ಸಿಗದಿದ್ದಾಗ ಬೆಚ್ಚನೆಯ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಡುತ್ತಾರೆ. ಮೊದಲ ಸಲ ತೆಳ್ಳಗೆ ಕಟ್ಟುತ್ತದೆ, ಅದನ್ನೇ ಹೆಪ್ಪು ಮಾಡಿ ಎರಡು ಮೂರು ಸಲ ಹಾಕುವ ಹೊತ್ತಿಗೆ ಮೊಸರು ಗಟ್ಟಿ ಬರುತ್ತದೆ.